ಮೂರು ವರ್ಷ ಬಾಡಿಗೆಗಿದ್ದ ಮನೆಗೆ ಪೇಂಟಿಂಗು, ರಿಪೇರಿ ಅಂತ ಡೆಪಾಸಿಟ್ ಹಿಡ್ಕೊಂಡ್ರೆ ಏನ್ ಮಾಡೋದು?

ನೀವು ಬರೆದಿರೋ ಪ್ರಕಾರ ಮೂರು ವರ್ಷ ಇದ್ದ ಮನೆ ಖಾಲಿ ಮಾಡಿದೀರ, ಓನರ್ ನಾಲ್ಕು ಕಾರಣ ಕೊಟ್ಟಿದಾರೆ: ಇಡೀ ಮನೆಗೆ ಪೇಂಟಿಂಗು, ಅಡುಗೆಮನೆ ನಲ್ಲಿ ಸೋರ್ತಿದೆ, ಹಾಲ್ ನೆಲದಲ್ಲಿ ಗೀರು, ಬಾತ್‌ರೂಮ್ ಬಾಗಿಲು ಕೆಳಗಡೆ ಉಬ್ಬಿದೆ. ಇಷ್ಟಕ್ಕೆ ಡೆಪಾಸಿಟ್‌ನ ಮುಕ್ಕಾಲು ಭಾಗ ಹಿಡ್ಕೊಂಡಿದಾರೆ, ಒಂದು ಬಿಲ್ಲೂ ತೋರಿಸಿಲ್ಲ, ಸಹಜವಾಗಿ ಸವೆದಿದ್ದಕ್ಕೂ ನಾನೇ ಕೊಡ್ಬೇಕಾ ಅಂತ ಕೇಳಿದೀರ. ಸಹಜ ಸವೆತಕ್ಕೆ ನೀವು ಕೊಡ್ಬೇಕಾಗಿಲ್ಲ. ಆದ್ರೆ ಈ ನಾಲ್ಕು ಬಾಬ್ತೂ ಒಂದೇ ತರ ಅಲ್ಲ, ಒಂದರಲ್ಲಿ ಸ್ವಲ್ಪ ಭಾಗ ನಿಮ್ಮ ಮೇಲೆ ಬರಬಹುದು, ಅದನ್ನೂ ಮುಂದೆ ಹೇಳ್ತೀನಿ.

ನಾನು ವರ್ಷಗಟ್ಟಲೆ ಬಾಡಿಗೆಗೆ ಇದ್ದೋನು, ಈಗ ಅಪ್ಪನ ಮನೆ ಬಾಡಿಗೆಗೆ ಕೊಡೋ ವ್ಯವಹಾರವನ್ನೂ ನೋಡ್ಕೊಳ್ತೀನಿ, ಹಾಗಾಗಿ ಎರಡೂ ಕಡೆಯಿಂದ ಈ ಜಗಳ ನೋಡಿದೀನಿ. ಎರಡೂ ಕಡೆಯವರು ಮರೆಯೋ ವಿಷಯ ಒಂದೇ, ಡೆಪಾಸಿಟ್ ಅನ್ನೋದು ಬಾಡಿಗೆಗಿದ್ದವರ ದುಡ್ಡು. ಓನರ್ ಹತ್ರ ಇರೋದು ಬರೀ ಭದ್ರತೆಗೆ. ಅದ್ರಲ್ಲಿ ಕಳೀಬೇಕು ಅಂದ್ರೆ ಯಾಕೆ, ಎಷ್ಟು ಅನ್ನೋದನ್ನ ತೋರಿಸಬೇಕಾದ್ದು ಕಳೆಯೋವ್ರ ಕೆಲಸ. ನೀವು ಮನೆ ಚೆನ್ನಾಗಿ ಇಟ್ಕೊಂಡಿದ್ದೆ ಅಂತ ಸಾಬೀತು ಮಾಡೋಕೆ ಒದ್ದಾಡೋ ಮುಂಚೆ ಅವ್ರನ್ನ ಕೇಳಿ, ನಾನು ಬಂದಾಗ ಇದು ಹೇಗಿತ್ತು, ಈಗ ಹೇಗಿದೆ, ಎಷ್ಟು ಹಳೇದು, ರಿಪೇರಿಗೆ ಎಷ್ಟಾಯ್ತು ಅಂತ. ಈ ನಾಲ್ಕಕ್ಕೆ ಉತ್ತರ ಇಲ್ದಿದ್ರೆ ಆ ಲೆಕ್ಕ ನಿಲ್ಲೋದು ಕಷ್ಟ.

ಕಾನೂನಿಗೂ ಇದು ಹೊಸದೇನಲ್ಲ. ಭಾರತದಲ್ಲಿ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂನಲ್ಲೇ ಇದೆ, ಬಾಡಿಗೆದಾರ ಮನೆ ಪಡೆದಾಗ ಹೇಗಿತ್ತೋ ಹಾಗೇ ವಾಪಸ್ ಕೊಡಬೇಕು, ಆದ್ರೆ ನ್ಯಾಯವಾದ ಬಳಕೆಯ ಸವೆತ ಮತ್ತು ಕೈಮೀರಿದ ಶಕ್ತಿಗಳಿಂದ ಆದ ಬದಲಾವಣೆ ಇದಕ್ಕೆ ಹೊರತು ಅಂತ. ಇಂಗ್ಲೆಂಡಲ್ಲಿ 1928ರ ಒಂದು ಕೇಸಲ್ಲಿ ಜಡ್ಜ್ ಕೊಟ್ಟ ವಿವರಣೆಯನ್ನ ಈಗ್ಲೂ ಉಪಯೋಗಿಸ್ತಾರೆ, ಬಾಡಿಗೆದಾರ ಮನೆಯನ್ನ ಸರಿಯಾದ ರೀತಿಯಲ್ಲಿ ಬಳಸಿದ್ರಿಂದ ಮತ್ತೆ ಗಾಳಿ ಮಳೆ ಬಿಸಿಲಿನಂಥ ಪ್ರಕೃತಿಯ ಕೆಲಸದಿಂದ ಆಗೋದು ಸಹಜ ಸವೆತ ಅಂತ. ಜಪಾನಲ್ಲಿ ಇದರ ಬಗ್ಗೆ ಎಷ್ಟು ಜಗಳ ಆಗ್ತಿತ್ತು ಅಂದ್ರೆ 2020ರ ಏಪ್ರಿಲಿಂದ ಸಿವಿಲ್ ಕೋಡ್‌ನಲ್ಲೇ ಸೇರಿಸಿಬಿಟ್ರು, ಸಾಮಾನ್ಯ ಬಳಕೆಯ ಸವೆತವನ್ನೂ ಕಾಲಕ್ರಮದ ಹಾಳನ್ನೂ ಬಾಡಿಗೆದಾರ ಸರಿಮಾಡಿ ಕೊಡಬೇಕಾಗಿಲ್ಲ ಅಂತ.

ಈಗ ಪೇಂಟಿಂಗ್ ವಿಷಯ, ದೊಡ್ಡ ಮೊತ್ತ ಅದೇ ಇರತ್ತೆ. ಸ್ವಿಚ್ ಬೋರ್ಡ್ ಸುತ್ತ ಕೈ ತಾಗಿ ಮಾಸಿದ್ದು, ಬೀರು ಇಟ್ಟಿದ್ದ ಜಾಗ ಮಾತ್ರ ಹೊಸದರ ತರ ಉಳಿದು ಸುತ್ತ ಬಣ್ಣ ಮಂಕಾಗಿದ್ದು, ಕ್ಯಾಲೆಂಡರ್ ನೇತುಹಾಕಿದ ಸಣ್ಣ ಮೊಳೆ ತೂತು, ಇದೆಲ್ಲ ಜನ ವಾಸ ಮಾಡಿದ್ರೆ ಆಗೋದೇ. ಮಗು ಕ್ರೇಯಾನಲ್ಲಿ ಗೋಡೆ ತುಂಬ ಗೀಚಿದ್ದು, ಶೆಲ್ಫ್ ಹಾಕೋಕೆ ಡ್ರಿಲ್ ಮಾಡಿ ಪ್ಲಾಸ್ಟರ್ ಕಿತ್ತು ಬಂದಿದ್ದು, ಕೇಳದೆ ಒಂದು ರೂಮಿಗೆ ಕಡುಬಣ್ಣ ಬಳಿದಿದ್ದು, ಇವು ನಿಮ್ಮವು. ಇನ್ನೊಂದು ಇದೆ, ಗೋಡೆ ಒಳಗಿಂದ್ಲೇ ಪೇಂಟ್ ಗುಳ್ಳೆ ಎದ್ದು, ಕೆರೆದ್ರೆ ಕೆಳಗೆ ಬಿಳೀ ಪುಡಿ ಉದುರ್ತಾ ಇದ್ರೆ, ಅದು ಗೋಡೆಯೊಳಗೆ ನೀರು ಬಂದು ಉಪ್ಪು ಹೊರಗೆ ಬರ್ತಿರೋ ಲಕ್ಷಣ. ನೀವು ಎಷ್ಟೇ ಜೋಪಾನವಾಗಿ ಇದ್ದಿದ್ರೂ ಅದು ಆಗ್ತಿತ್ತು, ನೀರು ಎಲ್ಲಿಂದ ಬರ್ತಿದೆ ಅಂತ ಹುಡುಕಿ ನಿಲ್ಲಿಸೋದು ಓನರ್ ಕೆಲಸ, ಅದನ್ನ ನಿಲ್ಲಿಸದೆ ಮೇಲೆ ಪೇಂಟ್ ಬಳಿದ್ರೆ ಮುಂದೆ ಬರೋ ಬಾಡಿಗೆದಾರರ ಕಾಲಕ್ಕೂ ಮತ್ತೆ ಗುಳ್ಳೆ ಏಳತ್ತೆ.

ಒಂದು ಗೋಡೆ ನಿಮ್ಮಿಂದ ಹಾಳಾಗಿದೆ ಅಂತ್ಲೇ ಇಟ್ಕೊಳ್ಳೋಣ. ಹಾಗಾದ್ರೂ ಹೊಸ ಪೇಂಟಿನ ಪೂರ್ತಿ ಖರ್ಚು ನಿಮ್ಮದಲ್ಲ, ಮತ್ತೆ ಬಹಳ ಜನ ಸೋಲೋದು ಇಲ್ಲೇ. ಪೇಂಟಿಗೂ ಒಂದು ಆಯಸ್ಸು ಇರತ್ತೆ. ಲೆಕ್ಕಕ್ಕೆ ಐದು ವರ್ಷ ಅಂತ ಹಿಡೀರಿ. ನೀವು ಬರೋಕೆ ಒಂದು ವರ್ಷ ಮುಂಚೆ ಬಳಿಸಿದ್ರು, ನೀವು ಮೂರು ವರ್ಷ ಇದ್ರಿ, ಅಲ್ಲಿಗೆ ನಾಲ್ಕು ವರ್ಷದ ಆಯಸ್ಸು ಮುಗಿದಿದೆ. ನಿಮ್ಮಿಂದ ನಷ್ಟ ಆಗಿರೋದು ಉಳಿದ ಒಂದು ವರ್ಷದ್ದು, ಅಂದ್ರೆ ಆ ಒಂದು ಗೋಡೆಯ ಖರ್ಚಿನಲ್ಲಿ ಶೇ. 20. ಅದು ಬಿಟ್ಟು ಹಳೇ ಪೇಂಟ್ ಹೋಗಿ ಇಡೀ ಮನೆಗೆ ಹೊಸ ಪೇಂಟ್ ನಿಮ್ಮ ದುಡ್ಡಲ್ಲಿ ಆದ್ರೆ ಓನರ್ ನಷ್ಟ ತುಂಬಿಕೊಂಡ ಹಾಗಾಗಲ್ಲ, ಲಾಭ ಮಾಡ್ಕೊಂಡ ಹಾಗಾಗತ್ತೆ. ಇಂಗ್ಲೆಂಡಲ್ಲಿ ಡೆಪಾಸಿಟ್ ಜಗಳ ಬಗೆಹರಿಸೋರು ಈ ತತ್ವದ ಮೇಲೇನೇ ತೀರ್ಮಾನ ಕೊಡ್ತಾರೆ, ಓನರ್ ಮೊದಲಿಗಿಂತ ಒಳ್ಳೇ ಸ್ಥಿತಿಗೆ ಹೋಗಬಾರದು ಅಂತ. ಜಪಾನ್ ಸರ್ಕಾರದ ಮಾರ್ಗಸೂಚಿಯಲ್ಲಿ ಗೋಡೆಗೆ ಅಂಟಿಸೋ ವಾಲ್‌ಪೇಪರ್ ಬೆಲೆ 6 ವರ್ಷಕ್ಕೆ 1 ಯೆನ್‌ಗೆ ಇಳಿಯತ್ತೆ, ಅಂದ್ರೆ ಹೆಚ್ಚುಕಮ್ಮಿ ಸೊನ್ನೆ, ಆದ್ರೆ ಬೇಕಂತ ಗೀಚಿ ಹಾಳು ಮಾಡಿದ್ರೆ ಅದನ್ನ ಸರಿಮಾಡೋ ಕೂಲಿ ಖರ್ಚು ಬರಬಹುದು ಅಂತ್ಲೂ ಅದರಲ್ಲೇ ಇದೆ, ಅದೂ ನ್ಯಾಯವೇ ಅನ್ಸತ್ತೆ ನನಗೆ.

ಅಪ್ಪನ ಮನೆ ಖಾಲಿಯಾದಾಗ ನಾನೂ ಇದೇ ಲೆಕ್ಕ ಹಾಕಿದ್ದೆ. ಮಂಚದ ತಲೆ ಕಡೆ ಗೋಡೆಗೆ ಎಣ್ಣೆ ಕಲೆ ದೊಡ್ಡದಾಗಿ ಕೂತಿತ್ತು, ಮನೇಲಿ ಎಲ್ರೂ ಪೇಂಟಿಂಗ್ ದುಡ್ಡು ಹಿಡ್ಕೋ ಅಂದ್ರು. ಆದ್ರೆ ಆ ಪೇಂಟ್ ಬಳಿಸಿದ್ದು ಅವ್ರು ಬರೋಕೂ ಎಷ್ಟೋ ಮುಂಚೆ, ಕಲೆ ಇಲ್ದಿದ್ರೂ ಆ ವರ್ಷ ನಾವು ಬಳಿಸಲೇಬೇಕಿತ್ತು. ಹಾಗಿದ್ಮೇಲೆ ಆ ಕುಟುಂಬದ ಹತ್ರ ಯಾವ ಬಾಯಲ್ಲಿ ಕೇಳೋದು? ಪೂರ್ತಿ ವಾಪಸ್ ಕೊಟ್ವಿ.

ನಲ್ಲಿದು ಬೇಗ ಮುಗಿಯತ್ತೆ. ಒಳಗಿನ ವಾಷರ್ ಸವೆದು ತೊಟ್ಟಿಕ್ಕೋದು ಬಳಕೆಯಿಂದ ಆಗೋದು, ನೀವು ತಿರುಗಿಸಿ ಮುರಿದಿದ್ರೆ ಮಾತ್ರ ನಿಮ್ಮದು. ನೆಲದ ಗೀರಿಗೆ ಒಂದು ಸಲ ಬಗ್ಗಿ ನೋಡಬೇಕು: ಓಡಾಡೋ ದಾರೀಲಿ, ಊಟದ ಮೇಜಿನ ಕುರ್ಚಿ ಎಳೆಯೋ ಜಾಗದಲ್ಲಿ ನವಿರಾದ ಗೀರುಗಳು ಹರಡಿಕೊಂಡಿದ್ರೆ ಅದು ಸವೆತ. ಒಂದೇ ಉದ್ದನೇ ಆಳವಾದ ಗೆರೆ, ಫ್ರಿಜ್ಜೋ ಬೀರುವೋ ಎತ್ತದೆ ಎಳೆದಿರೋದು ಅಂತ ಗೊತ್ತಾಗೋ ಹಾಗಿದ್ರೆ ಅದು ಹಾನಿ, ಆದ್ರೆ ಆಗ್ಲೂ ಗೆರೆ ಬಿದ್ದ ಟೈಲ್‌ಗಳ ಲೆಕ್ಕ ಮಾತ್ರ, ಇಡೀ ಹಾಲ್‌ದು ಅಲ್ಲ. ಅದೇ ಡಿಸೈನಿನ ಟೈಲ್ ಈಗ ಸಿಗಲ್ಲ, ಅದಕ್ಕೆ ಎಲ್ಲಾ ಕೀಳಿಸ್ತೀನಿ ಅಂತ ಓನರ್ ಹೇಳಬಹುದು, ಹಳೇ ಟೈಲ್ ಸಿಗದಿರೋದು ನಿಮ್ಮ ತಪ್ಪಲ್ಲ ಅಂತ ಹೇಳಿ.

ನಿಮಗೆ ತೊಂದರೆ ಆಗಬಹುದಾದ ಬಾಬ್ತು ಬಾತ್‌ರೂಮ್ ಬಾಗಿಲು. ಮೊದಲು ಬಾಗಿಲಿನ ಕೆಳಗಿನ ಅಂಚು ನೋಡಬೇಕು, ಬಗ್ಗಿದ್ರೂ ಕಾಣಲ್ಲ ಅದು, ಮೊಬೈಲ್ ಕ್ಯಾಮೆರಾ ಮೇಲ್ಮುಖ ಮಾಡಿ ಬಾಗಿಲ ಕೆಳಗೆ ನೆಲದ ಮೇಲೆ ಇಟ್ಟು ಫೋಟೋ ತೆಗೀರಿ, ಇಲ್ಲ ಒಂದು ಚಿಕ್ಕ ಕನ್ನಡಿ ಹಿಡೀರಿ. ಎಷ್ಟೋ ಬಾಗಿಲಿಗೆ ಎದುರು ಬದುರು ಚೆನ್ನಾಗಿ ಪೇಂಟ್ ಮಾಡಿ ಕೆಳಗಿನ ಅಂಚನ್ನ ಹಾಗೇ ಬರೀ ಮರ ಬಿಟ್ಟಿರ್ತಾರೆ, ನೆಲದ ಮೇಲಿನ ನೀರನ್ನ ಆ ಅಂಚು ಹೀರಿಕೊಂಡು ಹೀರಿಕೊಂಡು ಪದರ ಬಿಟ್ಟುಕೊಂಡು ಉಬ್ಬತ್ತೆ. ಹಾಗೆ ಬರೀ ಮರ ಕಂಡ್ರೆ ಅದು ಬಾಗಿಲು ಕೂರಿಸಿದಾಗಿನ ಕೊರತೆ, ಬಾತ್‌ರೂಮಲ್ಲಿ ನೀರು ಬೀಳದೇ ಇರತ್ತಾ? ಅದೇ ಅಂಚಿಗೆ ಸರಿಯಾಗಿ ಪೇಂಟ್ ಆಗಿದ್ದು, ಶವರ್ ನೀರು ದಿನಾ ನೇರ ಬಾಗಿಲಿಗೇ ಹೊಡೀತಿತ್ತು ಅಂತಾದ್ರೆ ಒಂದು ಪಾಲು ಒಪ್ಕೊಳ್ಳೋದು ಸರಿ, ಅದೂ ಬಾಗಿಲಿನ ವಯಸ್ಸು ಕಳೆದು.

ಇಲ್ಲಿ ಇನ್ನೊಂದು ಪ್ರಶ್ನೆ ನಿಮ್ಮನ್ನ ಕೇಳ್ತಾರೆ, ಉಬ್ಬೋಕೆ ಶುರುವಾದಾಗ ನೀವು ಹೇಳಿದ್ರಾ? ನಾನು ಮೇಲೆ ಹೇಳಿದ 1928ರ ಕೇಸಲ್ಲೇ ಈ ಮಾತೂ ಬರತ್ತೆ, ಚಾವಣಿಯ ಒಂದು ಹೆಂಚು ತಾನಾಗೇ ಜಾರಿ ಬಿದ್ರೆ ಅದಕ್ಕೆ ಬಾಡಿಗೆದಾರ ಹೊಣೆ ಅಲ್ಲ, ಆದ್ರೆ ಆ ತೂತಲ್ಲಿ ಮಳೆ ಸುರಿದು ಒಳಗೆಲ್ಲ ಹಾಳಾಗ್ತಾ ಇದ್ರೂ ಸುಮ್ನೆ ನೋಡ್ತಾ ಕೂತ್ರೆ ಆ ಮುಂದಿನ ಹಾನಿಗೆ ಸಹಜ ಸವೆತ ಅನ್ನೋ ರಕ್ಷಣೆ ಸಿಗಲ್ಲ ಅಂತ. ಹಾಗಾಗಿ ನೀವು ಹಿಂದೆ ಯಾವಾಗ್ಲಾದ್ರೂ ಬಾಗಿಲ ಬಗ್ಗೆ, ನೀರು ನಿಲ್ಲೋ ಬಗ್ಗೆ ಓನರ್‌ಗೆ ಮೆಸೇಜ್ ಹಾಕಿದ್ರೆ ಅದನ್ನ ಹುಡುಕಿ ತೆಗೀರಿ. ಒಂದು ಸಾಲಿನ ಹಳೇ ಮೆಸೇಜೂ ತುಂಬ ಕೆಲಸಕ್ಕೆ ಬರತ್ತೆ.

ಮನೆಗೆ ಬಂದಾಗ ಫೋಟೋ ತೆಗೆದಿಲ್ಲ ಅಂತ ಬರೆದಿದೀರ, ಅದಕ್ಕೆ ಕೈಚೆಲ್ಲಿ ಕೂರಬೇಡಿ. ಮೊದಲ ತಿಂಗಳಲ್ಲಿ ಮನೇಲಿ ತೆಗೆದ ಹುಟ್ಟುಹಬ್ಬದ ಫೋಟೋ, ಊರಿಗೆ ಕಳಿಸಿದ ವಿಡಿಯೋ, ಎಲ್ಲದರಲ್ಲೂ ಹಿಂದೆ ಗೋಡೆ ನೆಲ ಬಾಗಿಲು ಇರತ್ತೆ. ಮನೆ ಬಾಡಿಗೆಗಿದೆ ಅಂತ ಓನರ್ ಹಾಕಿದ್ದ ಜಾಹೀರಾತಿನ ಫೋಟೋಗಳು ಉಳಿದಿದ್ರೂ ನೋಡಿ, ಅವು ಹಳೇ ಪೇಂಟ್ ಎಷ್ಟು ಹಳೇದು ಅನ್ನೋಕೆ ಅವ್ರದ್ದೇ ಸಾಕ್ಷಿ. ಮೂಲ ಫೈಲ್‌ನಲ್ಲಿ ತಾರೀಕು ಇರತ್ತೆ, ವಾಟ್ಸಾಪಲ್ಲಿ ಮಾಮೂಲಿ ಫೋಟೋ ತರ ಕಳಿಸಿದ್ರೆ ಆ ಮಾಹಿತಿ ಹೋಗಿಬಿಡತ್ತೆ, ಅದಕ್ಕೆ ಡಾಕ್ಯುಮೆಂಟ್ ಆಗಿ ಇಲ್ಲ ಇಮೇಲಲ್ಲಿ ಕಳಿಸಿ. ಕ್ಯಾಲಿಫೋರ್ನಿಯಾದಲ್ಲಿ 2025ರಿಂದ ಓನರ್‌ಗಳೇ ಬಾಡಿಗೆ ಶುರುವಾಗೋ ಮುಂಚೆ, ಖಾಲಿ ಮಾಡಿದ್ಮೇಲೆ ಫೋಟೋ ತೆಗೆದಿಡಬೇಕು ಅಂತ ಕಾನೂನು ಬಂದಿದೆ, ಮತ್ತೆ ಖಾಲಿ ಮಾಡಿದ 21 ದಿನದೊಳಗೆ ಲೆಕ್ಕ ಕೊಡಬೇಕು. ಈ ತರ ನಿಯಮ ಎಲ್ಲಾ ಕಡೆ ಬರಬೇಕು ಅನ್ನೋದು ನನ್ನ ಆಸೆ, ಯಾಕಂದ್ರೆ ಹೊಸ ಮನೆಗೆ ಡೆಪಾಸಿಟ್ ಕಟ್ಟೋಕೆ ಹಳೇ ಮನೆ ದುಡ್ಡನ್ನೇ ನಂಬಿಕೊಂಡಿರೋ ಜನಕ್ಕೆ ಒಂದೊಂದು ವಾರ ತಡ ಆದ್ರೂ ಸಾಲ ಮಾಡೋ ಪರಿಸ್ಥಿತಿ ಬರತ್ತೆ, ಆ ಒತ್ತಡಕ್ಕೇ ಎಷ್ಟೋ ಜನ ಕೊಟ್ಟಷ್ಟು ಕೊಡಿ ಅಂತ ಬಿಟ್ಟುಬಿಡ್ತಾರೆ.

ಅಗ್ರಿಮೆಂಟ್ ಒಂದು ಸಲ ಪೂರ್ತಿ ಓದಿ. ನಾನು ಹೇಳಿದ 108ನೇ ಕಲಂ ಕೂಡ ಒಪ್ಪಂದದಲ್ಲಿ ಬೇರೆ ತರ ಇಲ್ದಿದ್ರೆ ಮಾತ್ರ ಅಂತ್ಲೇ ಶುರುವಾಗತ್ತೆ, ಅಂದ್ರೆ ಖಾಲಿ ಮಾಡುವಾಗ ಪೇಂಟಿಂಗ್ ಬಾಡಿಗೆದಾರರದ್ದು ಅಂತ ಸ್ಪಷ್ಟವಾಗಿ ಬರೆದು ನೀವು ಸಹಿ ಹಾಕಿದ್ರೆ ಪೇಂಟಿಂಗ್ ವಿಷಯದಲ್ಲಿ ನಿಮ್ಮ ವಾದ ಇಳಿಯತ್ತೆ. ಅಂಥ ಷರತ್ತುಗಳನ್ನೂ ಕೆಲವು ಕಡೆ ಕೋರ್ಟುಗಳು ಕಣ್ಮುಚ್ಚಿ ಒಪ್ಪಲ್ಲ, ಜರ್ಮನಿಯ ಉನ್ನತ ಕೋರ್ಟ್ 2015ರಲ್ಲಿ, ಬಣ್ಣ ಬಳಿಸದೇ ಕೊಟ್ಟ ಮನೆಗೆ ಸರಿಯಾದ ಪರಿಹಾರನೂ ಕೊಡದೆ, ಬಾಡಿಗೆದಾರರೇ ಬಣ್ಣ ಬಳಿಸಬೇಕು ಅಂತ ಮೊದಲೇ ಅಚ್ಚು ಹಾಕಿಟ್ಟ ಸಿದ್ಧ ಷರತ್ತು ಹಾಕಿದ್ರೆ ಅದು ನಡೆಯಲ್ಲ ಅಂತ ಹೇಳ್ತು. ಅಗ್ರಿಮೆಂಟಲ್ಲಿ ಬರೀ ಮನೆಯನ್ನ ಸುಸ್ಥಿತಿಯಲ್ಲಿ ಒಪ್ಪಿಸಬೇಕು ಅಂತ ಇದ್ರೆ ಹೆದರಬೇಡಿ, ಸುಸ್ಥಿತಿ ಅಂದ್ರೆ ಹೊಸ ಮನೆ ಅಂತ ಅರ್ಥ ಅಲ್ಲ.

ಈಗ ಫೋನಲ್ಲಿ ಮಾತಾಡೋದು ನಿಲ್ಲಿಸಿ, ಬರೆದು ಕಳಿಸಿ. ನಾನಾಗಿದ್ರೆ ಹೀಗೆ ಬರೀತಿದ್ದೆ: "ಸರ್, ಮನೆ ಒಪ್ಪಿಸಿದ ತಾರೀಕಿಂದ ಇವತ್ತಿನವರೆಗೆ ಡೆಪಾಸಿಟ್ ಲೆಕ್ಕ ಬರಹದಲ್ಲಿ ಬಂದಿಲ್ಲ. ಪೇಂಟಿಂಗ್, ನಲ್ಲಿ, ನೆಲ ಇವು ಮೂರು ವರ್ಷದ ಮಾಮೂಲಿ ಬಳಕೆಯಿಂದ ಆದ ಸವೆತ, ಇದಕ್ಕೆ ಕಡಿತ ನಾನು ಒಪ್ಪಲ್ಲ. ಬಾಗಿಲ ವಿಷಯದಲ್ಲಿ ಅದು ಯಾವ ವರ್ಷ ಹಾಕಿಸಿದ್ದು ಅಂತ ತಿಳಿಸಿ, ರಿಪೇರಿ ಬಿಲ್ ಇಲ್ಲ ಕೊಟೇಶನ್ ಕಳಿಸಿ, ವಯಸ್ಸು ಕಳೆದು ನ್ಯಾಯವಾದ ಪಾಲು ಮಾತಾಡೋಣ. ಬಾಕಿ ಮೊತ್ತವನ್ನ 15 ದಿನದೊಳಗೆ ಖಾತೆಗೆ ಹಾಕಿ." ಇಷ್ಟು ಸಾಕು, ಬೈಗುಳ ಬೇಡ, ನೋಡ್ಕೋತೀನಿ ಅನ್ನೋ ಮಾತಂತೂ ಬೇಡವೇ ಬೇಡ, ನಾಳೆ ಇದನ್ನ ಮೂರನೆಯವರು ಓದ್ತಾರೆ ಅಂತ ಮನಸ್ಸಲ್ಲಿಟ್ಕೊಂಡು ಬರೀರಿ. ಒಂದು ಬಾಬ್ತಲ್ಲಿ ನಿಮ್ಮ ಪಾಲನ್ನ ಮಾತಾಡೋಕೆ ನೀವೇ ತಯಾರಿದೀರ ಅಂತ ಕಂಡಾಗ ಉಳಿದ ಮೂರರ ಬಗ್ಗೆ ನಿಮ್ಮ ಮಾತನ್ನ ಓದೋವ್ರು ನಂಬ್ತಾರೆ. ಬಿಲ್ ಕೇಳಿದ ತಕ್ಷಣ ಅಂದಾಜಿನ ಮೊತ್ತ ಇಳಿಯೋದನ್ನ ನಾನು ನೋಡಿದೀನಿ.

ಉತ್ತರ ಬರ್ಲಿಲ್ಲ ಅಂದ್ರೆ ವಕೀಲರಿಂದ ಒಂದು ನೋಟಿಸ್, ಆಮೇಲೆ ನಿಮ್ಮ ಕಡೆ ಬಾಡಿಗೆ ವ್ಯಾಜ್ಯಕ್ಕೆ ಇರೋ ಪ್ರಾಧಿಕಾರವೋ ಸಣ್ಣ ಮೊತ್ತದ ದಾವೆ ನೋಡೋ ಕೋರ್ಟೋ ಅಲ್ಲಿಗೆ. ತುಂಬ ದಿನ ಬಿಡಬೇಡಿ, ಭಾರತದಲ್ಲಾದ್ರೆ ಇಂಥ ಹಣದ ದಾವೆಗೆ ಸಾಮಾನ್ಯವಾಗಿ ಮೂರು ವರ್ಷದ ಗಡುವು. ಮಧ್ಯದಲ್ಲಿ ಓನರ್ ಅರ್ಧ ದುಡ್ಡು ಹಾಕಿ ಇಷ್ಟೇ ಅಂದ್ರೆ, ದುಡ್ಡು ಬಂದಿದೆ, ಉಳಿದಿದ್ದರ ಹಕ್ಕು ಬಿಟ್ಟಿಲ್ಲ ಅಂತ ಅವತ್ತೇ ಮೆಸೇಜ್ ಹಾಕಿ, ಲೆಕ್ಕ ಪೂರ್ತಿ ಚುಕ್ತಾ ಅಂತ ಬರೆದಿರೋ ಯಾವ ಕಾಗದಕ್ಕೂ ಸಹಿ ಮಾಡಬೇಡಿ.