ಪಕ್ಕೆಲುಬು ಕಾಣುವ ನಾಯಿಯನ್ನು ದಪ್ಪ ಮಾಡಲು ಹೊರಟವರಿಗೆ

ಪ್ರಶ್ನೆ: ನಮ್ಮಲ್ಲಿ ಹತ್ತು ತಿಂಗಳ ಗಂಡು ಮುಧೋಳ ನಾಯಿ ಇದೆ. ಎಷ್ಟು ತಿಂದರೂ ಮೈಗೆ ಹತ್ತುತ್ತಿಲ್ಲ. ಪಕ್ಕೆಲುಬು ಎಣಿಸುವಂತಿವೆ. ಬಂದವರೆಲ್ಲ ‘ಊಟ ಹಾಕುವುದಿಲ್ಲವೇ’ ಎಂದು ಕೇಳುತ್ತಾರೆ. ದಿನಕ್ಕೆ ಒಂದು ಲೀಟರ್ ಹಾಲು, ಆರು ಮೊಟ್ಟೆ, ಎರಡು ಹೊತ್ತು ಕ್ಯಾಲ್ಸಿಯಂ ಸಿರಪ್ ಕೊಡುತ್ತಿದ್ದೇವೆ. ಪರಿಚಯದವರೊಬ್ಬರು ಪುಷ್ಟಿಯ ಇಂಜೆಕ್ಷನ್ ಹಾಕುತ್ತೇನೆ ಎಂದಿದ್ದಾರೆ. ದಪ್ಪವಾಗಲು ಇನ್ನೇನು ಕೊಡಬೇಕು? (ದಾವಣಗೆರೆಯಿಂದ)

ಉತ್ತರ: ಏನನ್ನೂ ಕೊಡಬೇಡಿ. ಈಗ ಕೊಡುತ್ತಿರುವುದರಲ್ಲೇ ಅರ್ಧವನ್ನು ಇಂದಿನಿಂದ ನಿಲ್ಲಿಸಿ. ಇಂಜೆಕ್ಷನ್ ಹಿಡಿದು ಬರುವವರನ್ನು ಬಾಗಿಲಲ್ಲೇ ಕಳುಹಿಸಿಬಿಡಿ.

ಪತ್ರ ಬರೆದವರ ಊರು ಬದಲಾಗುತ್ತದೆ, ಮೊಟ್ಟೆಯ ಲೆಕ್ಕ ಬದಲಾಗುತ್ತದೆ, ಪ್ರಶ್ನೆ ಮಾತ್ರ ಇದೇ. ಬಾಗಲಕೋಟೆ ಸೀಮೆಯಲ್ಲಿ ಈ ನಾಯಿಗಳಿಗೆ ಚಿಕಿತ್ಸೆ ಮಾಡುತ್ತಾ ಇಪ್ಪತ್ತು ವರ್ಷ ಕಳೆದಿದ್ದೇನೆ. ಹಸಿವಿನಿಂದ ಸೊರಗಿ ನನ್ನಲ್ಲಿಗೆ ಬಂದ ಮುಧೋಳ ನಾಯಿಗಳಿಗಿಂತ ಪ್ರೀತಿಯಿಂದ ತಿನ್ನಿಸಿ ತಿನ್ನಿಸಿ ಕೆಡಿಸಿದ ನಾಯಿಗಳೇ ಹೆಚ್ಚು. ಅದಕ್ಕೇ ಈ ಸಲ ಇದೊಂದಕ್ಕೆ ಹೆಚ್ಚು ಜಾಗ ಕೊಡುತ್ತಿದ್ದೇನೆ.

ಮುಧೋಳ ನಾಯಿ ನೆಲ ಮೂಸುತ್ತಾ ಬೇಟೆ ಹುಡುಕುವ ತಳಿಯಲ್ಲ. ದೂರದಲ್ಲಿ ಅಲುಗಿದ್ದನ್ನು ಕಣ್ಣಲ್ಲಿ ಹಿಡಿದು, ಅದರ ಹಿಂದೆ ಬಿದ್ದು, ಓಟದಲ್ಲೇ ಸೋಲಿಸುವ ತಳಿ. ಆಳವಾದ ಎದೆಗೂಡು, ಒಳಕ್ಕೆ ಸೇದಿಕೊಂಡ ಹೊಟ್ಟೆ, ಸಣ್ಣ ಸೊಂಟ, ತೆಳುವಾದ ಚರ್ಮ ಎಲ್ಲವೂ ಆ ಓಟಕ್ಕಾಗಿಯೇ ಇವೆ. ಓಡುವಾಗ ಅದರ ಬೆನ್ನು ಬಿಲ್ಲಿನಂತೆ ಬಾಗಿ ಬಿಚ್ಚಿಕೊಳ್ಳುತ್ತದೆ. ಒಂದೊಂದು ನೆಗೆತದಲ್ಲಿ ನಾಲ್ಕೂ ಕಾಲು ಎರಡೆರಡು ಬಾರಿ ನೆಲ ಬಿಟ್ಟಿರುತ್ತವೆ. ಆ ಮೈಮೇಲೆ ಐದು ಕೆ.ಜಿ. ಕೊಬ್ಬು ಹೇರಿದರೆ ಅದನ್ನು ಹೊರಬೇಕಾದದ್ದು ಕಡ್ಡಿಯಂಥ ಆ ಕಾಲುಗಳೇ. ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆಯವರು ಈ ತಳಿಯನ್ನು ಆರಿಸಿ ಬೆಳೆಸಿದ್ದು ಓಡುವ ನಾಯಿಯೆಂದೇ.

ನಿಮ್ಮ ಮನಸ್ಸಿನಲ್ಲಿರುವ ಅಳತೆ ಬಹುಶಃ ಪಕ್ಕದ ಮನೆಯ ಲ್ಯಾಬ್ರಡಾರ್‌ನದು. ಅದು ನಿಮ್ಮ ನಾಯಿಗಿಂತ ಗಿಡ್ಡವಾಗಿದ್ದರೂ 30 ಕೆ.ಜಿ. ದಾಟುತ್ತದೆ. ಬೆಳೆದ ಗಂಡು ಮುಧೋಳ ನಾಯಿ ಭುಜದವರೆಗೆ 68ರಿಂದ 72 ಸೆಂ.ಮೀ. ಎತ್ತರವಿದ್ದರೂ ತೂಕ 28 ಕೆ.ಜಿ. ಆಸುಪಾಸಿನಲ್ಲೇ ನಿಲ್ಲುತ್ತದೆ; ಹೆಣ್ಣು ಇನ್ನೂ ಕಡಿಮೆ. ಹಿಂದಿನ ಎರಡು ಮೂರು ಪಕ್ಕೆಲುಬು ಕಾಣುವುದು, ಸೊಂಟದ ಮೇಲೆ ಎರಡು ಮೂಳೆಯ ತುದಿ ಎದ್ದಿರುವುದು ಇದರಲ್ಲಿ ಸಹಜ. ನನ್ನ ಮಾತಿನಲ್ಲಿ ನಂಬಿಕೆ ಬಾರದಿದ್ದರೆ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿರುವ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರಕ್ಕೆ ಹೋಗಿ ಅಲ್ಲಿಯ ನಾಯಿಗಳನ್ನು ಕಣ್ಣಾರೆ ನೋಡಿ ಬನ್ನಿ.

ಕ್ಯಾಲ್ಸಿಯಂ ವಿಷಯ ಇನ್ನೂ ಗಂಭೀರ. ಕೆಲವು ವರ್ಷಗಳ ಹಿಂದೆ ಹುಬ್ಬಳ್ಳಿಯಿಂದ ಒಬ್ಬರು ಹನ್ನೊಂದು ತಿಂಗಳ ನಾಯಿಯನ್ನು ಕರೆತಂದರು. ತೂಗಿದರೆ 33 ಕೆ.ಜಿ. ಮುಂಗಾಲಿನ ಮಣಿಕಟ್ಟುಗಳು ಒಳಗೆ ನಿಂಬೆಹಣ್ಣು ಇಟ್ಟಂತೆ ಊದಿದ್ದವು, ಪಾದಗಳು ಹೊರಕ್ಕೆ ತಿರುಗಿದ್ದವು. ನಿಲ್ಲಿಸಿದರೆ ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಹಾಕುತ್ತಾ ನಿಮಿಷಕ್ಕೊಮ್ಮೆ ಕೂರುತ್ತಿತ್ತು. ಆ ಮನುಷ್ಯ ಚೀಲದಿಂದ ಒಂದು ನೋಟ್‌ಬುಕ್ ತೆಗೆದು ನನ್ನ ಮುಂದಿಟ್ಟರು. ಮರಿ ಮನೆಗೆ ಬಂದ ದಿನದಿಂದ ಗೆರೆ ಎಳೆದು ಬರೆದಿದ್ದರು: ಹಾಲು, ಮೊಟ್ಟೆ, ಕೋಳಿ, ಮರಿಗಳ ಪ್ಯಾಕೆಟ್ ಆಹಾರ, ಸಿರಪ್. ಒಂದು ಹೊತ್ತೂ ತಪ್ಪಿರಲಿಲ್ಲ. ಅಂಥವರನ್ನು ಬೈಯಲು ಬಾಯಿ ಬರುವುದಿಲ್ಲ. ಆದರೆ ಆ ಕಾಲುಗಳು ಪೂರ್ತಿ ನೆಟ್ಟಗಾಗಲಿಲ್ಲ.

ಬೆಳೆದ ನಾಯಿಯ ಕರುಳು ತನಗೆ ಬೇಕಾದಷ್ಟು ಕ್ಯಾಲ್ಸಿಯಂ ಹೀರಿ ಉಳಿದದ್ದನ್ನು ಬಿಡುತ್ತದೆ. ಎಳೆಯ ಮರಿಗೆ, ಅದರಲ್ಲೂ ಮೊದಲ ಆರು ತಿಂಗಳು, ಆ ಹಿಡಿತ ಇರುವುದಿಲ್ಲ. ಕೊಟ್ಟದ್ದು ರಕ್ತಕ್ಕೆ ಸೇರುತ್ತದೆ, ಮೃದ್ವಸ್ಥಿ ಮೂಳೆಯಾಗುವ ಕ್ರಮ ಕೆಡುತ್ತದೆ. ಉದ್ದ ಕಾಲಿನ ದೊಡ್ಡ ತಳಿಗಳಿಗೆ ಈ ಪೆಟ್ಟು ಜೋರು. ಪ್ಯಾಕೆಟ್ ಆಹಾರದಲ್ಲಿ ಬೇಕಾದಷ್ಟು ಕ್ಯಾಲ್ಸಿಯಂ ಇರುತ್ತದೆ. ಅದರ ಮೇಲೆ ಸಿರಪ್ ಸುರಿಯುವುದು ಅಪಾಯ. ಬರೀ ರೊಟ್ಟಿ, ಬರೀ ಮಾಂಸ ತಿಂದು ಬೆಳೆಯುವ ಮರಿಗೆ ಕೊರತೆಯಾಗುವುದೂ ನಿಜ. ಅಂಥ ಮರಿಗೆ ಎಷ್ಟು ಬೇಕೆಂಬುದನ್ನು ತೂಕ ನೋಡಿ, ಊಟ ಕೇಳಿ ವೈದ್ಯರು ಲೆಕ್ಕ ಹಾಕಬೇಕು. ಔಷಧ ಅಂಗಡಿಯ ಹುಡುಗ ಬಾಟಲಿ ಕೈಗಿಟ್ಟು ‘ಎರಡು ಚಮಚ’ ಎನ್ನುವುದು ಲೆಕ್ಕವಲ್ಲ.

ಪುಷ್ಟಿಯ ಇಂಜೆಕ್ಷನ್ ಎಂದು ಹಳ್ಳಿ ಹಳ್ಳಿ ತಿರುಗುವವರು ಹಾಕುವುದು ಬಹುಪಾಲು ಸ್ಟೀರಾಯ್ಡ್. ವಾರದಲ್ಲಿ ಹಸಿವು ಹೆಚ್ಚುತ್ತದೆ, ನೀರು ಹೆಚ್ಚು ಕುಡಿಯುತ್ತದೆ, ಹೊಟ್ಟೆ ಜೋತುಬೀಳುತ್ತದೆ. ಯಜಮಾನರಿಗೆ ಮೈ ಬಂದಂತೆ ಕಾಣುತ್ತದೆ. ಅದೇ ಹೊತ್ತಿಗೆ ತೊಡೆಯ ಮಾಂಸಖಂಡ ಕರಗುತ್ತಿರುತ್ತದೆ, ರೋಗ ತಡೆಯುವ ಶಕ್ತಿ ಕುಸಿಯುತ್ತಿರುತ್ತದೆ. ಇದನ್ನು ಹಾಕುವವರಿಗೆ ಓದಿಲ್ಲ, ಪರವಾನಗಿ ಇಲ್ಲ, ಮರುದಿನ ನಾಯಿ ಬಿದ್ದರೆ ಫೋನ್ ಎತ್ತುವುದೂ ಇಲ್ಲ.

ಹಾಗೆಂದು ಬಡಕಲು ಕಂಡ ಪ್ರತಿ ಮುಧೋಳ ನಾಯಿಯೂ ಆರೋಗ್ಯವಾಗಿದೆ ಎಂದು ನಾನು ಹೇಳುತ್ತಿಲ್ಲ. ಕಣ್ಣಿಗಿಂತ ಕೈಯನ್ನು ನಂಬಿ. ನಿಮ್ಮ ಎಡಗೈಯನ್ನು ನೆಟ್ಟಗೆ ಚಾಚಿ, ಬೆರಳುಗಳ ಬುಡದ ಹಿಂಭಾಗವನ್ನು ಬಲಗೈ ಬೆರಳಿನಿಂದ ಸವರಿ. ಅದೇ ಒತ್ತಡದಲ್ಲಿ ನಾಯಿಯ ಪಕ್ಕೆ ಸವರಿ. ಎರಡೂ ಒಂದೇ ತರಹ ಸಿಕ್ಕಿದರೆ ಮೈ ಸರಿಯಾಗಿದೆ. ಮುಷ್ಟಿ ಕಟ್ಟಿದಾಗ ಏಳುವ ಗೆಣ್ಣುಗಳಂತೆ ಚುಚ್ಚಿದರೆ ಸೊರಗಿದೆ. ಅಂಗೈಯಂತೆ ಮೆತ್ತಗಿದ್ದರೆ ಕೊಬ್ಬಿದೆ. ಬಳಿಕ ತೊಡೆ ಹಿಡಿದು ನೋಡಿ. ತೊಡೆಯಲ್ಲೂ ಬೆನ್ನುಮೂಳೆಯ ಎರಡೂ ಬದಿಯಲ್ಲೂ ಮಾಂಸ ಗಟ್ಟಿಯಾಗಿ ತುಂಬಿದ್ದರೆ ಪಕ್ಕೆಲುಬಿನ ಚಿಂತೆ ಬಿಡಿ. ತೊಡೆ ಬತ್ತಿ, ಬೆನ್ನಿನ ಮಣಿಗಳು ಒಂದೊಂದಾಗಿ ಸಿಕ್ಕುತ್ತಿದ್ದರೆ ಅದು ರೋಗ, ಊಟದ ಕೊರತೆಯಲ್ಲ. ಮೊದಲು ಮಲ ಪರೀಕ್ಷೆ ಮಾಡಿಸಿ, ಜಂತುಹುಳು ಇವೆಯೇ ನೋಡಿ. ಆಮೇಲೆ ರಕ್ತ ಪರೀಕ್ಷೆ.

ರಕ್ತ ಪರೀಕ್ಷೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಗ್ರೇಹೌಂಡ್‌ನಂಥ ಓಟದ ತಳಿಗಳಲ್ಲಿ ಕೆಂಪು ರಕ್ತಕಣಗಳ ಪಾಲು ಬೇರೆ ನಾಯಿಗಳಿಗಿಂತ ಹೆಚ್ಚಿರುತ್ತದೆ; ಶೇ 50ಕ್ಕಿಂತ ಮೇಲಿರುವುದು ಸಾಮಾನ್ಯ. ಓಟದ ನಾಯಿಯಲ್ಲಿ ಅದು 38 ಬಂದಾಗ ಪ್ರಯೋಗಾಲಯದ ಹಾಳೆಯಲ್ಲಿ ‘ಸಹಜ’ ಎಂದು ಮುದ್ರಿತವಾಗಿರುತ್ತದೆ. ನಾನು ಅದನ್ನು ಸಹಜ ಎನ್ನುವುದಿಲ್ಲ, ಉಣ್ಣೆ (ಉಣುಗು) ಕಚ್ಚಿ ಬಂದು ರಕ್ತ ಕುಗ್ಗಿಸುವ ಉಣ್ಣೆ ಜ್ವರವನ್ನು ಹುಡುಕಲು ತೊಡಗುತ್ತೇನೆ. ಲೋಕಾಪುರದ ಕಡೆಯ ರೈತರೊಬ್ಬರು ‘ಬೇಟೆ ನಾಯಿ ಇರುವುದೇ ಹೀಗೆ’ ಎಂದು ಎರಡು ತಿಂಗಳು ಸುಮ್ಮನಿದ್ದರು. ತಂದಾಗ ಮೂಗಿನ ಒಂದು ಹೊಳ್ಳೆಯಿಂದ ರಕ್ತ ಜಿನುಗುತ್ತಿತ್ತು. ತುಟಿ ಎತ್ತಿ ನೋಡಿದರೆ ಒಸಡು ಸುಣ್ಣ ಬಳಿದಂತೆ ಬಿಳುಪು. ಕಿವಿಯ ಮಡಿಕೆಯಲ್ಲಿ ಉಣ್ಣೆಗಳು ಹುಣಿಸೆಬೀಜದಂತೆ ಸಾಲಾಗಿ ಕಚ್ಚಿಕೊಂಡಿದ್ದವು. ಮೂರನೆಯ ದಿನ ಅದು ತೀರಿಕೊಂಡಿತು. ಹದಿನೈದು ದಿನ ಮೊದಲೇ ತಂದಿದ್ದರೆ ಉಳಿಯುತ್ತಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ. ವಾರಕ್ಕೊಮ್ಮೆ ತುಟಿ ಎತ್ತಿ ಒಸಡು ನೋಡಿ. ಗುಲಾಬಿ ಬಣ್ಣ ಮಾಸಿದರೆ ಅಂದೇ ಹೊರಡಿ.

ನಿಮ್ಮ ನಾಯಿಯ ಊಟಕ್ಕೆ ಬರುತ್ತೇನೆ. ಎರಡು ಹೊತ್ತು ಸಾಕು. ನಮ್ಮ ಕಡೆ ಜೋಳದ ರೊಟ್ಟಿ, ನುಚ್ಚು, ಸ್ವಲ್ಪ ಹಾಲು ಹಾಕಿ ಸಾಕುತ್ತಾ ಬಂದಿದ್ದಾರೆ, ನಾಯಿಗಳು ಬದುಕಿವೆ. ಆದರೆ ಬೆಳೆಯುವ ಮರಿಗೆ ಅಷ್ಟು ಸಾಲದು, ಪ್ರತಿ ಹೊತ್ತೂ ಬೇಯಿಸಿದ ಮೊಟ್ಟೆ ಅಥವಾ ಮೂಳೆ ತೆಗೆದ ಕೋಳಿ ಇರಲಿ. ದಿನಕ್ಕೆ ಎರಡು ಮೊಟ್ಟೆ ಧಾರಾಳ. ಲೀಟರ್ ಹಾಲು ಭೇದಿಗೆ ದಾರಿ. ಒಂದು ಬಟ್ಟಲು ಮೊಸರು ಅದಕ್ಕಿಂತ ಲೇಸು. ಉಂಡ ಮೇಲೆ ಎರಡು ಗಂಟೆ ಓಡಿಸಬೇಡಿ, ಓಡಿ ಬಂದು ಏದುಸಿರು ಬಿಡುತ್ತಿರುವಾಗ ತಟ್ಟೆ ಇಡಬೇಡಿ. ಆಳ ಎದೆಯ ನಾಯಿಗಳಲ್ಲಿ ಹೊಟ್ಟೆ ಗಾಳಿ ತುಂಬಿ ತಿರುಚಿಕೊಳ್ಳುವುದುಂಟು. ವಾಂತಿಗೆ ಹವಣಿಸುತ್ತದೆ, ಏನೂ ಬರುವುದಿಲ್ಲ, ಹೊಟ್ಟೆ ತಮಟೆಯಂತೆ ಬಿಗಿಯುತ್ತದೆ. ಆಗ ಓಮದ ಕಷಾಯ, ಸೋಡಾ ಎಂದು ಕೂತರೆ ನಾಯಿ ಸಾಯುತ್ತದೆ. ಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಗೆ ತಕ್ಷಣ ಓಡಬೇಕು.

ಪ್ರಶ್ನೆ: ಆರು ತಿಂಗಳ ಮರಿಯನ್ನು ಬೈಕಿಗೆ ಕಟ್ಟಿ ದಿನಕ್ಕೆ ನಾಲ್ಕು ಕಿ.ಮೀ. ಓಡಿಸುತ್ತೇನೆ. ಇನ್ನೂ ಹೆಚ್ಚಿಸಬಹುದೇ? (ವಿಜಯಪುರ)

ಉತ್ತರ: ಇವತ್ತೇ ನಿಲ್ಲಿಸಿ. ಬೆಳೆಯುವ ಮೂಳೆಗೆ ಡಾಂಬರಿನ ಓಟ ಬೇಡ. ಸುತ್ತ ಬೇಲಿ ಇರುವ ಹೊಲದಲ್ಲಿ ತನ್ನಿಷ್ಟದಂತೆ ಓಡಿ, ಸಾಕೆನಿಸಿದಾಗ ಮಲಗಲಿ.

ಪ್ರಶ್ನೆ: ಮೊಲ ಹಿಡಿಯಲು ಹೇಗೆ ತರಬೇತಿ ಕೊಡಬೇಕು? (ಹೆಸರು ಬೇಡ ಎಂದಿದ್ದಾರೆ)

ಉತ್ತರ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ. ಈ ಪ್ರಶ್ನೆಗೆ ನಾನು ಎಂದೂ ಉತ್ತರಿಸುವುದಿಲ್ಲ.

ಪ್ರಶ್ನೆ: ಕಾವಲಿಗೆ ರೋಷ ಬರಲು ಕತ್ತಲೆ ಕೋಣೆಯಲ್ಲಿ ಕಟ್ಟಿ ಖಾರ ತಿನ್ನಿಸಬೇಕಂತೆ, ನಿಜವೇ?

ಉತ್ತರ: ಸುಳ್ಳು, ಮತ್ತು ಕ್ರೌರ್ಯ. ಹಾಗೆ ಬೆಳೆದ ನಾಯಿ ಹೆದರಿಕೆಯಿಂದ ಮೊದಲು ಕಚ್ಚುವುದು ಮನೆಯ ಮಗುವನ್ನು.

ಪ್ರಶ್ನೆ: ಉಣ್ಣೆಗೆ ಸೀಮೆಎಣ್ಣೆ ಹಚ್ಚಬಹುದೇ? ಜ್ವರ ಬಂದಾಗ ಬರೆ ಹಾಕಿಸಿದರೆ ಇಳಿಯುತ್ತದೆಯೇ?

ಉತ್ತರ: ಎರಡೂ ಬೇಡ. ಈ ತಳಿಯ ಚರ್ಮ ಕಾಗದದಷ್ಟು ತೆಳುವು. ಸೀಮೆಎಣ್ಣೆಗೆ ಸುಡುತ್ತದೆ, ನೆಕ್ಕಿದರೆ ಹೊಟ್ಟೆಗೂ ಹೋಗುತ್ತದೆ. ಬರೆಯಿಂದ ಜ್ವರ ಇಳಿದ ಒಂದು ನಾಯಿಯನ್ನೂ ನಾನು ಕಂಡಿಲ್ಲ, ಕೀವು ತುಂಬಿದ ಬರೆಗಳನ್ನು ಕಂಡಿದ್ದೇನೆ. ಮನೆಯಲ್ಲಿರುವ ನೋವಿನ ಮಾತ್ರೆಯನ್ನೂ ಕೊಡಬೇಡಿ. ಐಬುಪ್ರೊಫೇನ್ ನಾಯಿಯ ಜಠರದಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನೇ ಕೆಡಿಸುತ್ತದೆ.

ಪ್ರಶ್ನೆ: ನಮ್ಮ ಹೆಣ್ಣು ನಾಯಿಗೆ ಸಂತಾನಹರಣ ಮಾಡಿಸಬೇಕು. ಈ ತಳಿಗೆ ಅರಿವಳಿಕೆ ಆಗಿಬರುವುದಿಲ್ಲ ಎಂದು ಹೆದರಿಸುತ್ತಿದ್ದಾರೆ. (ಮೈಸೂರು)

ಉತ್ತರ: ಮಾಡಿಸಿ. ಹೆದರಿಕೆಯಲ್ಲಿ ಅಲ್ಪ ಸತ್ಯವಿದೆ. ಮೈಯಲ್ಲಿ ಕೊಬ್ಬು ಕಡಿಮೆ ಇರುವುದರಿಂದಲೂ ಯಕೃತ್ತು ಕೆಲವು ಔಷಧಗಳನ್ನು ನಿಧಾನವಾಗಿ ಕರಗಿಸುವುದರಿಂದಲೂ ಥಯೋಪೆಂಟೋನ್‌ನಂಥ ಹಳೆಯ ಅರಿವಳಿಕೆ ಕೊಟ್ಟರೆ ಓಟದ ತಳಿಗಳು ಏಳಲು ಬಹಳ ಹೊತ್ತು ಹಿಡಿಯುತ್ತದೆ. ಈಗ ಬೇರೆ ಔಷಧಗಳಿವೆ. ಅಂದಾಜು ತೂಕ ಹೇಳಬೇಡಿ, ಅಂದೇ ತೂಗಿಸಿ. ತಳಿಯ ಹೆಸರನ್ನು ಬಾಯಿಬಿಟ್ಟು ಹೇಳಿ, ಯಾವ ಅರಿವಳಿಕೆ ಕೊಡುತ್ತೀರಿ ಎಂದು ಕೇಳಿ. ಕೇಳಿದ್ದಕ್ಕೆ ಸಿಡುಕುವ ವೈದ್ಯರಿದ್ದರೆ ಬೇರೆಯವರಲ್ಲಿಗೆ ಹೋಗಿ. ಎಚ್ಚರವಾಗುವವರೆಗೆ ಕಂಬಳಿ ಹೊದಿಸಿಡಿ, ಈ ನಾಯಿಗಳ ಮೈ ಬೇಗ ತಣ್ಣಗಾಗುತ್ತದೆ.

ಪ್ರಶ್ನೆ: ಎಷ್ಟೇ ಬಿಗಿಯಾಗಿ ಕಟ್ಟಿದರೂ ಕೊರಳಪಟ್ಟಿಯಿಂದ ತಲೆ ನುಸುಳಿಸಿಕೊಂಡು ಓಡುತ್ತದೆ. ಮೊನ್ನೆ ಬೆಕ್ಕಿನ ಹಿಂದೆ ರಸ್ತೆಗೆ ಹಾರಿತು. (ಬೆಂಗಳೂರು)

ಉತ್ತರ: ಇದರ ತಲೆ ಕೊರಳಿಗಿಂತ ಸಪೂರ, ಮಾಮೂಲಿ ಪಟ್ಟಿ ನಿಲ್ಲುವುದಿಲ್ಲ. ಎಳೆದಾಗ ತಾನೇ ಬಿಗಿಯಾಗುವ ಅಗಲದ ಪಟ್ಟಿ ತನ್ನಿ. ಮಾರ್ಟಿಂಗೇಲ್ ಎಂದು ಕೇಳಿದರೆ ಅಂಗಡಿಯಲ್ಲಿ ಕೊಡುತ್ತಾರೆ. ಜತೆಗೆ ಎದೆಗೆ ತೊಡಿಸುವ ಪಟ್ಟಿಯನ್ನೂ ಹಾಕಿ, ಎರಡಕ್ಕೂ ಹಗ್ಗ ಸಿಕ್ಕಿಸಿ. ಕಣ್ಣಿಗೆ ಬೆಕ್ಕು ಬಿದ್ದ ಮೇಲೆ ಅದಕ್ಕೆ ನಿಮ್ಮ ಕೂಗು ಕೇಳಿಸುವುದಿಲ್ಲ, ಬರುತ್ತಿರುವ ಬಸ್ಸೂ ಕಾಣುವುದಿಲ್ಲ. ಬೆಂಗಳೂರಿನ ರಸ್ತೆಯಲ್ಲಿ ಒಂದು ನಿಮಿಷವೂ ಹಗ್ಗ ಬಿಚ್ಚಬೇಡಿ.