ಮೊಬೈಲ್ 14 ಅನ್ನುತ್ತೆ, ಅಂಗಡಿ ಕ್ಯಾಲ್ಕುಲೇಟರ್ 20 ಅನ್ನುತ್ತೆ!

ಪ್ರಶ್ನೆ: ನಮ್ಮದು ಸಣ್ಣ ದಿನಸಿ ಅಂಗಡಿ. ಏಳನೇ ತರಗತಿಯ ಮಗಳು ಮೊಬೈಲ್‌ನಲ್ಲಿ 2 + 3 × 4 ಒತ್ತಿದಳು, 14 ಬಂತು. ಅಂಗಡಿಯ ಕ್ಯಾಲ್ಕುಲೇಟರ್‌ನಲ್ಲಿ ಅದನ್ನೇ ಒತ್ತಿದರೆ 20! ಅದು ಕೆಟ್ಟಿದೆಯಾ? ಇನ್ನೊಂದು, ಅವಳಿಗೆ ಬೋಡ್ಮಾಸ್ (ಆವರಣ, ಆಫ್, ಭಾಗಾಕಾರ, ಗುಣಾಕಾರ, ಕೂಡುವುದು, ಕಳೆಯುವುದು ಎಂಬ ಕ್ರಮದ ಇಂಗ್ಲಿಷ್ ಮೊದಲಕ್ಷರಗಳು) ಬಾಯಿಪಾಠ. ಆದರೂ ಟೆಸ್ಟಿನಲ್ಲಿ 20 − 8 + 5ಕ್ಕೆ 7 ಬರೆದಿದ್ದಾಳೆ. ನೆನಪಿಡಲು ಸುಲಭದ ದಾರಿ ಇದೆಯಾ ಮೇಷ್ಟ್ರೇ?
— ಓದುಗರೊಬ್ಬರು, ತಿಪಟೂರು

ಉತ್ತರ: ಕೆಟ್ಟಿಲ್ಲ, ಎಸೆಯಬೇಡಿ. ಸಾದಾ ಕ್ಯಾಲ್ಕುಲೇಟರ್ ಕೈಗೆ ಸಿಕ್ಕಿದ್ದನ್ನು ಅಲ್ಲೇ ಮುಗಿಸುತ್ತಾ ಹೋಗುತ್ತದೆ. 2 + 3 ಆದಮೇಲೆ × ಒತ್ತಿದ ಕೂಡಲೇ ಅದು 5 ಮಾಡಿಟ್ಟುಕೊಂಡಿರುತ್ತದೆ. ಮುಂದೆ ನಾಲ್ಕೈದಲಿ ಇಪ್ಪತ್ತು. ಮೊಬೈಲ್ ಹಾಗಲ್ಲ, ಇಡೀ ಸಾಲು ನೋಡಿ ಗುಣಾಕಾರ ಮೊದಲು ಮಾಡುತ್ತದೆ. ಗಣಿತದ ಪ್ರಕಾರ 14 ಸರಿ.

ಯಾಕೆ ಸರಿ ಅಂತ ನಿಮ್ಮ ಗಲ್ಲಾಪೆಟ್ಟಿಗೆಯ ಹತ್ತಿರವೇ ತೋರಿಸಬಹುದು. ಗಿರಾಕಿ 2 ರೂಪಾಯಿಯ ಒಂದು ಬೆಂಕಿಪೊಟ್ಟಣ, 4 ರೂಪಾಯಿಯಂತೆ ಮೂರು ಬಾಳೆಹಣ್ಣು ತಗೊಂಡ. 20 ರೂಪಾಯಿ ಕೇಳಿದರೆ ಜಗಳಕ್ಕೇ ಬರುತ್ತಾನೆ, ಅಲ್ವಾ? 3 × 4 ಅಂದರೆ 4 + 4 + 4, ಅದನ್ನೇ ಚಿಕ್ಕದಾಗಿ ಬರೆದಿದ್ದೇವೆ ಅಷ್ಟೇ. ಬಿಚ್ಚಿ ಬರೆದರೆ 2 + 4 + 4 + 4. ಇದು 20 ಆಗೋದು ಹೇಗೆ? ಮಗಳಿಗೆ ಮೊದಲು ಇದನ್ನು ಹೇಳಿಕೊಡಿ. ಕಾರಣ ಗೊತ್ತಿದ್ದರೆ ನಿಯಮ ತಾನಾಗಿ ನೆನಪಿರುತ್ತದೆ.

ಬಿಲ್ ಮಾಡುವಾಗ ನೀವು 2 ಒತ್ತಿ ಎಂ ಪ್ಲಸ್ (ನೆನಪಿಗೆ ಕೂಡಿಸುವ ಗುಂಡಿ), 3 × 4 ಒತ್ತಿ ಎಂ ಪ್ಲಸ್, ಕೊನೆಗೆ ಎಂ ಆರ್ (ನೆನಪಿನ ಮೊತ್ತ ತೋರಿಸುವ ಗುಂಡಿ) ಒತ್ತುತ್ತಿದ್ದರೆ 14 ಬಂದೇ ಬರುತ್ತದೆ. ಒಂದೊಂದು ಸಾಮಾನಿನ ಲೆಕ್ಕ ಬೇರೆ ಬೇರೆ ಮುಗಿಸಿ ಆಮೇಲೆ ಕೂಡುವುದು, ಇದೇ ಬೋಡ್ಮಾಸ್. ಅಂಗಡಿಯವರಿಗೆ ಇದು ಕೈಯಲ್ಲೇ ಇರುತ್ತದೆ.

ಈಗ ಆ 7ರ ಕಥೆ. ತಪ್ಪು ನಿಮ್ಮ ಮಗಳದ್ದಕ್ಕಿಂತ ಆ ಬಾಯಿಪಾಠದ್ದೇ ಜಾಸ್ತಿ. ಬೋಡ್ಮಾಸ್‌ನಲ್ಲಿ ಕೂಡುವ ಎ, ಕಳೆಯುವ ಎಸ್‌ಗಿಂತ ಮೊದಲು ಬರುತ್ತದೆ. ಹಾಗಾಗಿ ಮಗು 8 + 5 = 13 ಮಾಡಿ 20ರಿಂದ ಕಳೆಯುತ್ತದೆ. ನಿಜವಾಗಿ ಎರಡೂ ಸಮಾನ, ಎಡದಿಂದ ಬಲಕ್ಕೆ ಹೋಗಬೇಕು. ಉತ್ತರ 17. ಭಾಗಾಕಾರ, ಗುಣಾಕಾರಕ್ಕೂ ಇದೇ ಮಾತು. ಆದರೆ ನಮ್ಮ ಮಕ್ಕಳು ಭಾಗಾಕಾರದ ಡಿ ಮೊದಲು ಮಾಡುವುದರಿಂದ ಅಲ್ಲಿ ಬಚಾವಾಗುತ್ತಾರೆ: 3 × 8 ÷ 4ರಲ್ಲಿ ಭಾಗಾಕಾರ ಮೊದಲು ಮಾಡಿದರೂ 6, ಆಮೇಲೆ ಮಾಡಿದರೂ 6. ಅಮೆರಿಕದಲ್ಲಿ ಕಲಿಸುವುದು ಪೆಮ್‌ಡಾಸ್. ಅದರಲ್ಲಿ ಗುಣಾಕಾರದ ಎಂ ಮೊದಲು, ಡಿ ಆಮೇಲೆ. ಹಾಗಾಗಿ 24 ÷ 4 × 3 ಕೊಟ್ಟರೆ ಅಕ್ಷರ ನಂಬಿದ ಅಲ್ಲಿನ ಮಗು 2 ಬರೆದು ಕೂರಬಹುದು. ಸರಿ ಉತ್ತರ 18.

ನಾನು ತರಗತಿಯಲ್ಲಿ ಮಾಡಿಸುತ್ತಿದ್ದುದು ಹೀಗೆ. ಆವರಣ ಇದ್ದರೆ ಮೊದಲು ಅದನ್ನು ಮುಗಿಸಿ. ಆಮೇಲೆ ಪ್ರತಿ ಪ್ಲಸ್, ಮೈನಸ್‌ನ ಎಡಗಡೆ ಪೆನ್ಸಿಲ್‌ನಲ್ಲಿ ಉದ್ದ ಗೆರೆ ಎಳೆಯಿರಿ. ಚಿಹ್ನೆ ತನ್ನ ಬಲಗಡೆಯ ತುಂಡಿನ ಜೊತೆಗೇ ಇರಲಿ. 20 − 6 × 2 + 15 ÷ 3 ತಗೊಳ್ಳಿ:

20 | − 6 × 2 | + 15 ÷ 3

ತುಂಡುಗಳು 20, −12, +5. ಇನ್ನು ಯಾವುದನ್ನು ಮೊದಲು ಸೇರಿಸಿದರೂ 13 ಬರುತ್ತದೆ. ಮಾರ್ಜಿನ್ನಿನಲ್ಲಿ ಸುಮ್ನೆ ಬೋಡ್ಮಾಸ್ ಅಂತ ಬರೆದುಕೊಳ್ಳುವುದಕ್ಕಿಂತ ಈ ಗೆರೆ ಎಷ್ಟೋ ವಾಸಿ.

ಓ ಅಕ್ಷರದ ಬಗ್ಗೆ ನೀವು ಕೇಳಿಲ್ಲ, ಆದರೆ ಪರೀಕ್ಷೆಯಲ್ಲಿ ಅದು ಬೀಳಿಸುತ್ತದೆ. 12 ÷ (6ರ ಅರ್ಧ) ಎಂಬ ಅರ್ಥದ ಲೆಕ್ಕಕ್ಕೆ ಆವರಣ ಹಾಕದೆ 12 ÷ ½ ‘ಆಫ್’ 6 ಅಂತ ಬರೆದಿರುತ್ತಾರೆ. ಆಫ್ ಮೊದಲು, ಹಾಗಾಗಿ 12 ÷ 3 = 4. ಅದೇ ಜಾಗದಲ್ಲಿ × ಇದ್ದರೆ 12 ÷ ½ × 6, ಉತ್ತರ 144!

2019ರಲ್ಲಿ ಟ್ವಿಟರ್‌ನಲ್ಲಿ 8 ÷ 2(2 + 2) ಎಂಬ ಲೆಕ್ಕಕ್ಕೆ ದೊಡ್ಡ ರಂಪವಾಯಿತು. ಕೆಲವರು 16 ಅಂದರು, ಕೆಲವರು 1 ಅಂದರು. ಎಡದಿಂದ ಬಲಕ್ಕೆ ಹೋದರೆ 16. ಆವರಣಕ್ಕೆ ಅಂಟಿಕೊಂಡ 2 ಅದರದ್ದೇ ಭಾಗ ಅಂದುಕೊಂಡರೆ 1. ನನ್ನನ್ನು ಕೇಳಿದರೆ ಬರೆದವರದ್ದೇ ತಪ್ಪು. ಮಗಳ ಪಾಠದಲ್ಲಿ ಇಂಥದ್ದು ಬಂದರೆ ಬಿಡಿಸೋಕೆ ಮುಂಚೆ ಅವರ ಮೇಷ್ಟ್ರ ಹತ್ತಿರ ಇನ್ನೊಂದು ಆವರಣ ಹಾಕಿಸಿಕೊಳ್ಳಲು ಹೇಳಿ.