ದಾಖಲೆ ಇರೋದು ಮಿಲಿಟರಿಯವರ ಹತ್ರಾನೇ

ಹಾಸನದ ಓದುಗರೊಬ್ಬರು, ರಿಟೈರ್ಡ್ ಬ್ಯಾಂಕ್ ಮ್ಯಾನೇಜರ್, ಬರೆದಿದಾರೆ: "ಸೇವೆಯಿಂದ ಆದ ಅಂಗವೈಕಲ್ಯಕ್ಕೆ ಕೊಡೋ ಡಿಸೆಬಿಲಿಟಿ ಪೆನ್ಷನ್ನಿಗೆ ಮಾಜಿ ಸೈನಿಕರು ಹಾಕೋ ಅರ್ಜಿನ 'ಇನ್ನಷ್ಟು ದಾಖಲೆ ತನ್ನಿ, ಮತ್ತೆ ಸೈನ್ಯದ ಡಾಕ್ಟರ್‌ಗಳ ಮೆಡಿಕಲ್ ಬೋರ್ಡಿಗೆ ಹೋಗಿ' ಅಂತ ವಾಪಸ್ ಕಳಿಸಿದ್ರೆ ತಪ್ಪೇನು? ನಮ್ಮ ತೆರಿಗೆ ಹಣ ಅಲ್ವಾ?"

ಸಾರ್, ರಿಟೈರ್ ಆಗೋ ಹೊತ್ತಿಗೆ ಬಿಪಿ, ಶುಗರ್ ಅಂತ ಅರ್ಜಿ ಹಾಕೋರೂ ಇದಾರೆ, ಪರೀಕ್ಷೆನೇ ಬೇಡ ಅಂತ ನಾನೂ ಹೇಳಲ್ಲ. ಆದ್ರೆ ಪುರಾವೆ ಯಾರ ಹತ್ರ ಕೇಳ್ತಿದಾರೆ ನೋಡಿ. ನನಗೆ ಗೊತ್ತಿರೋ ಹವಾಲ್ದಾರ್ ಒಬ್ರು, ಫಿರಂಗಿ ಪಕ್ಕ ನಿಂತು ನಿಂತು ಕಿವಿ ಮಂದ ಆಯ್ತು, ಅರ್ಜಿ ಹಾಕಿದ್ರೆ ಯಾವತ್ತು ಯಾವ ಫೈರಿಂಗಲ್ಲಿ ಹೋಯ್ತು ಅಂತ ಪೇಪರ್ ತನ್ನಿ ಅಂದ್ರು. ಕಿವಿ ಒಂದೇ ದಿನದಲ್ಲಿ ಹೋಗತ್ತಾ? ಅವರ ಆಸ್ಪತ್ರೆ ಕಾಗದ, ಇಂಜುರಿ ರಿಪೋರ್ಟು ಎಲ್ಲಾ ಇರೋದು ಸೈನ್ಯದ ರೆಕಾರ್ಡ್ ಆಫೀಸಲ್ಲಿ. ನಿಮ್ಮ ಬ್ರಾಂಚಿನ ಲೆಡ್ಜರ್ ತಂದು ತೋರ್ಸಿ ಅಂತ ನೀವು ಯಾವತ್ತಾದ್ರೂ ಗ್ರಾಹಕರಿಗೆ ಹೇಳಿದೀರಾ?

ಇದು ನನ್ನ ಕರುಣೆಯ ಮಾತಲ್ಲ, ಈ ಪೆನ್ಷನ್ನಿನ 1982ರ ನಿಯಮದಲ್ಲೇ ಇತ್ತು (2008ರಲ್ಲಿ ಬೇರೆ ನಿಯಮ ಬಂತು), ಅರ್ಜಿದಾರನ ಹತ್ರ ಪುರಾವೆ ಕೇಳಬಾರದು, ಅನುಮಾನ ಇದ್ರೆ ಅದರ ಲಾಭ ಅವನಿಗೇ ಸಿಗಬೇಕು ಅಂತ. ಧರ್ಮವೀರ್ ಸಿಂಗ್ ಅನ್ನೋರು 1985ರಲ್ಲಿ ಸೈನ್ಯದ ಸಂಪರ್ಕ ದಳ ಸಿಗ್ನಲ್ಸಿಗೆ ಸೇರಿದ್ರು, 1994ರಲ್ಲಿ ಮೂರ್ಛೆ ರೋಗ ಅಂತ ಮನೆಗೆ ಕಳಿಸಿದ್ರು, ಅಂಗವೈಕಲ್ಯ ಶೇ. 20, ಆದ್ರೆ ಸೇವೆಗೂ ಇದಕ್ಕೂ ಸಂಬಂಧ ಇಲ್ಲ ಅಂತ ಮೆಡಿಕಲ್ ಬೋರ್ಡು ಬರೀತು. ಯಾಕಿಲ್ಲ ಅಂತ ಕಾರಣ ಬರೀಲಿಲ್ಲ. 2013ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳ್ತು, ಸೇರುವಾಗ ಕಾಯಿಲೆ ಇತ್ತು ಅಂತ ಬರೆದಿಲ್ಲ ಅಂದ್ಮೇಲೆ ಅದು ಸೇವೆಯಿಂದಾನೇ ಬಂದಿದ್ದು ಅಂತ ಹಿಡೀಬೇಕು, ಅಲ್ಲ ಅನ್ನೋದಾದ್ರೆ ಸೈನ್ಯವೇ ತೋರಿಸ್ಲಿ. ಹತ್ತೊಂಬತ್ತು ವರ್ಷ ಸಾರ್! ಅಷ್ಟರಲ್ಲಿ ಆ ಮನುಷ್ಯನ ಮಧ್ಯವಯಸ್ಸೇ ಮುಗಿದುಹೋಯ್ತು.

ತೀರ್ಪು ಬಂದ್ಮೇಲೂ ಅದೇ ಹಾಡು. ಸೈನಿಕರ ಕೇಸು ಕೇಳೋ ಟ್ರಿಬ್ಯುನಲ್‌ನಲ್ಲಿ ಗೆದ್ದೋರ ಮೇಲೂ ಸರ್ಕಾರ ಹೈಕೋರ್ಟಿಗೆ ಹೋಗತ್ತೆ, ತೆರಿಗೆ ಹಣ ಅಂದ್ರಲ್ಲ, ಆ ವಕೀಲರ ಫೀಸು ಯಾರದ್ದು? ಇನ್ನು ನಮ್ಮೋರ ಪಾಡು ಬೇರೆ, ಆ ಸಶಸ್ತ್ರ ಪಡೆಗಳ ಟ್ರಿಬ್ಯುನಲ್ಲಿನ ಖಾಯಂ ಬೆಂಚು ಕರ್ನಾಟಕದಲ್ಲಿ ಇಲ್ಲ, ಬೀದರಿನ ಮಾಜಿ ಸಿಪಾಯಿ ಬೇರೆ ರಾಜ್ಯದ ದಾರಿ ನೋಡ್ಬೇಕು.

ಮಿಲಿಟರಿ ಒಂದೇ ಅಲ್ಲ, ಈ ದೇಶದಲ್ಲಿ ಪೆನ್ಷನ್ ಅಂದ್ರೇನೇ ಅನುಮಾನ. ಬದುಕಿದೀನಿ ಅಂತ ನವೆಂಬರ್ ಬಂದಾಗ ತೋರಿಸ್ಬೇಕು, ಬೆರಳಿನ ಗೆರೆ ಸವೆದ ಮುದುಕಿ ಹೆಬ್ಬೆಟ್ಟು ಮಷೀನು ಒಪ್ಪಲಿಲ್ಲ ಅಂತ ವಾಪಸ್ ಬರ್ತಾಳೆ, ಯಾರಿಗೂ ನಾಚಿಕೆ ಇಲ್ಲ.

ಲೆಕ್ಕಪತ್ರ ಬಲ್ಲೋರು ನೀವು. ನಿಮ್ಮೂರಲ್ಲಿ ಯಾರಾದ್ರೂ ಮಾಜಿ ಸೈನಿಕರು ಇಂಥ ಫೈಲ್ ಹಿಡ್ಕೊಂಡು ಓಡಾಡ್ತಿದ್ರೆ ಪಕ್ಕದಲ್ಲಿ ಕೂತು ಒಂದು ಅಪೀಲ್ ಬರ್ಕೊಡಿ, ಆ 2013ರ ತೀರ್ಪಿನ ಪ್ರತೀನೂ ಲಗತ್ತಿಸಿ.